ಬುಖಾರಾದ ಮುಖ, ವಾಡಿಯ ಗಂಧ

ವಾಡಿ

ದೂರದ ಊರಿಗೆ ಹೊರಟವರು ದೇವರಿಗೆ ಕಾಯಿ ಒಡೆಸುತ್ತಾರೆ, ಹಿರಿಯರ ಕಾಲಿಗೆ ಬೀಳುತ್ತಾರೆ. ನಾನು ಉಜ್ಬೇಕಿಸ್ತಾನಕ್ಕೆ ಹೊರಡುವ ಮುನ್ನ ವಾಡಿ ಸ್ಟೇಷನ್ನಿನ ಎದುರಿಗಿರುವ ಒಂದು ಹಳೆಯ ಫೋಟೋ ಸ್ಟುಡಿಯೋಕ್ಕೆ ಹೋಗಿ ಬೈಸಿಕೊಂಡು ಬಂದೆ.

ಬೈದವರು ನನ್ನ ಉಸ್ತಾದರು, ಮಹಬೂಬ ಸಾಬರು. ಶಹಾಬಾದದಲ್ಲಿ ಇವತ್ತು ನಾನೊಂದು ಸ್ಟುಡಿಯೋ ಇಟ್ಟುಕೊಂಡು ಮದುವೆ, ಸೀಮಂತ, ಶಾಲೆಯ ಗ್ರೂಪ್ ಫೋಟೋ ಅಂತ ತೆಗೆಯುತ್ತ ನಾಲ್ಕು ಜನರ ಎದುರು ತಲೆ ಎತ್ತಿ ಓಡಾಡುತ್ತಿದ್ದೇನೆಂದರೆ ಅದು ಅವರು ಕೊಟ್ಟ ವಿದ್ಯೆ. ಹೆಣ್ಣುಮಗಳು ಕ್ಯಾಮೆರಾ ಹಿಡಿದರೆ ಮದುವೆಮನೆಯವರು ಕರೆಯುತ್ತಾರೇನು ಎಂದು ಜನ ಕೇಳಿದಾಗ, "ಕ್ಯಾಮೆರಾಕ್ಕೇನು ಗೊತ್ತದ, ತನ್ನ ಹಿಂದ ನಿಂತವರು ಗಂಡೋ ಹೆಣ್ಣೋ" ಎಂದು ಬಾಯಿ ಮುಚ್ಚಿಸಿದವರೂ ಅವರೇ.

ದುಬೈಗೆ, ಸೌದಿಗೆ ದುಡಿಯಲು ಹೊರಟ ನಮ್ಮ ಭಾಗದ ಎಷ್ಟೋ ಜನ ಅವರ ಸ್ಟುಡಿಯೋದ ಬಿಳಿ ಪರದೆಯ ಮುಂದೆ, ಅದೇ ಒಂದು ಸ್ಟೂಲಿನ ಮೇಲೆ ಕೂತು ಎದ್ದವರು. "ಕಿವಿ ಎರಡೂ ಕಾಣಬೇಕು. ಅಲುಗ್ಯಾಡಬ್ಯಾಡ್ರಿ. ನಗಬ್ಯಾಡ್ರಿ." ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆಲ್ಲ ಇದೇ ಮಂತ್ರ. ಊರಿನವರನ್ನೆಲ್ಲ ಹೀಗೆ ಸಮುದ್ರ ದಾಟಿಸಿದ ಮನುಷ್ಯ ತಾವು ಮಾತ್ರ ಸೊಲ್ಲಾಪುರದಿಂದ ಆಚೆ ಹೋದವರಲ್ಲ. ಪಾಸ್‌ಪೋರ್ಟ್ ಮಾಡಿಸುವ ಯೋಚನೆಯೂ ಅವರಿಗೆ ಬಂದಿರಲಿಲ್ಲ.

ಈಚೆಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದುರು ನಿಂತವರನ್ನು ದನಿಯಿಂದ ಗುರುತಿಸುತ್ತಾರೆ. ಚಿತ್ತಾಪುರದಲ್ಲಿ ಕಣ್ಣಿನ ಶಿಬಿರ ಇದ್ದ ದಿನ ಕರೆದೊಯ್ಯಲು ನಾನು ವಾಡಿಗೆ ಬಂದರೆ ಸ್ಟುಡಿಯೋಕ್ಕೆ ಬೀಗ. ಇವರು ಚಿತ್ತಾಪುರಕ್ಕೆ ಎದುರು ದಿಕ್ಕಿನ ರೈಲು ಹತ್ತಿ ಶಹಾಬಾದಕ್ಕೆ ಹೋಗಿ, ನನ್ನದೇ ಸ್ಟುಡಿಯೋದ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಆಪರೇಶನ್ ಎಂದರೆ ಹೆದರಿಕೆ ಎಂದು ನಾನು ತಿಳಿದಿದ್ದೆ. ಹೆದರಿಕೆ ಅಲ್ಲ, ಅದು ಬೇಸರ.

"ಕಣ್ಣು ಬರಿಸ್ಕೊಂಡು ಏನ್ ನೋಡ್ಲಿ ಸುವರ್ಣಾ?" ಎಂದರು ಆ ದಿನ. "ಎಲ್ಲಾರ ಕೈಯಾಗೂ ಮೊಬೈಲ್. ಸ್ಟುಡಿಯೋಕ್ಕ ಬರೋರಿಲ್ಲ. ನನ್ನಂಥವ ಒಬ್ಬನಾದ್ರೂ ಎಲ್ಲೆರೆ ಉಳದಾನೋ ಇಲ್ಲೋ."

ನಾನು ಉಜ್ಬೇಕಿಸ್ತಾನಕ್ಕೆ ಹೊರಟಿದ್ದೇನೆಂದು ತಿಳಿದಾಗ ಅವರಿಗೆ ಒಂದು ಹಟ ಹುಟ್ಟಿತು. ಸೇಡಂನ ನನ್ನ ಬಾಲ್ಯದ ಗೆಳತಿ, ಡಾಕ್ಟರ್ ರೇಣುಕಾ, ಅಲ್ಲಿನ ಬುಖಾರಾದಲ್ಲಿ ವೈದ್ಯಕೀಯ ಕಲಿಯುವ ಹುಡುಗರಿಗೆ ಪಾಠ ಹೇಳುತ್ತಾಳೆ. ಬಾ ಬಾ ಎಂದು ಅವಳು ಪ್ರಾಣ ತಿಂದಿದ್ದಕ್ಕೆ ಹೊರಟವಳು ನಾನು.

"ಬರೀ ಗುಮ್ಮಟದ ಫೋಟೋ ತಂದ್ರ ಈ ಬಾಗಲ ತುಳಿಬ್ಯಾಡ ನೋಡು," ಎಂದು ಬೈದರು. "ಗುಮ್ಮಟ ಕಲಬುರಗಿಯಾಗ ಬೇಕಾದಷ್ಟವ. ನನ್ನ ವಯಸ್ಸಿನ ಫೋಟೋದವ, ಇನ್ನೂ ಕೊರಳಾಗ ಕ್ಯಾಮೆರಾ ಹಾಕ್ಕೊಂಡು ನಿಂತವ ಒಬ್ಬ ಸಿಕ್ಕರ, ಅವನ ಮುಖ ತಾ. ಕ್ಯಾಮೆರಾದಾಗ ತೆಗದಿದ್ದು, ಫೋನಿಂದು ನಡೆಯಾಂಗಿಲ್ಲ. ತಂದ್ರ ಆಪರೇಶನ್ ಮಾಡಿಸ್ಕೋತೀನಿ. ಇಲ್ಲಾಂದ್ರ ಮತ್ತ ಆ ಮಾತು ಎತ್ತಬ್ಯಾಡ."

ಹೀಗೆ ಒಬ್ಬ ಮನುಷ್ಯನ ಎರಡು ಕಣ್ಣುಗಳು ಒಂದು ಫೋಟೋದ ಮೇಲೆ ನಿಂತವು.

ಹೊರಡುವಾಗ ಅವರದೊಂದು ಪದ್ಧತಿ ಇದೆ. ದರ್ಗಾದ ಉರುಸಿನ ಮೆರವಣಿಗೆಯ ಗಂಧ ಅವರ ಬಳಿ ಒಂದು ತಗಡಿನ ಡಬ್ಬಿಯಲ್ಲಿ ವರ್ಷವಿಡೀ ಇರುತ್ತದೆ. ಹೊಸ ಆಟೋ ಕೊಂಡವರು, ಪರೀಕ್ಷೆಗೆ ಹೊರಟ ಮಕ್ಕಳು, ಮದುವೆ ಗೊತ್ತಾದವರು, ಎಲ್ಲ ಜಾತಿಯವರೂ ಬರುತ್ತಾರೆ. ಗುಲಾಬಿ ನೀರಿನಲ್ಲಿ ಕಲಸಿ ಹೆಬ್ಬೆರಳಿನಿಂದ ಒಂದು ಬೊಟ್ಟು ಇಟ್ಟು ದುಆ ಹೇಳುತ್ತಾರೆ. ಅಂದು ನನ್ನ ಸಾಮಾನೆಲ್ಲ ಬಟ್ಟೆಯ ಮೇಲೆ ಹರಡಿಸಿದರು: ಕ್ಯಾಮೆರಾ, ಲೆನ್ಸು, ಬ್ಯಾಟರಿ, ಈ ಪ್ರವಾಸಕ್ಕೆಂದೇ ಕೊಂಡ ಹೊಸ ಮೆಮೊರಿ ಕಾರ್ಡು. ಕೈಯಿಂದ ತಡವಿ ತಡವಿ ಒಂದೊಂದಕ್ಕೂ ಗಂಧ ಇಟ್ಟರು. ಅಷ್ಟರಲ್ಲಿ ರೇಣುಕಾಳ ಫೋನು ಬಂತು. ಅಲ್ಲಿ ಮೆಂತ್ಯದ ಸೊಪ್ಪು ಸಿಗುವುದಿಲ್ಲ, ಒಣಗಿಸಿದ್ದು ತಾ, ಶೇಂಗಾ ಹಿಂಡಿ ಮರೆಯಬೇಡ ಎಂದು ಅವಳು ಪಟ್ಟಿ ಹೇಳುತ್ತಿದ್ದಳು. ನಾನು ಆ ಕಡೆ ತಿರುಗಿದ್ದೆ.

ತಾಷ್ಕೆಂಟ್

ಪರದೇಶವೆಂದರೆ ಬಾಯಿ ಕಟ್ಟಿ ಹೋಗುತ್ತದೆ ಎಂದು ಹೆದರಿದ್ದೆ. ಇಳಿದು ನೋಡಿದರೆ ಇಲ್ಲಿ ಪುಸ್ತಕಕ್ಕೆ ಕಿತಾಬ್, ಅಂಗಡಿಗೆ ದುಕಾನ್, ಈರುಳ್ಳಿಗೆ ಪಿಯಾಜ್. ಕಲಬುರಗಿ ಸೀಮೆಯವರಿಗೆ ಅರ್ಧ ಭಾಷೆ ಮನೆಯಲ್ಲೇ ಬಂದುಬಿಟ್ಟಿರುತ್ತದೆ. ಆದರೆ ಉಳಿದ ಅರ್ಧ ಕೈಕೊಡುತ್ತದೆ. ಹೋಟೆಲಿನಲ್ಲಿ ಧೈರ್ಯವಾಗಿ "ಸಬ್ಜಿ" ಎಂದೆ, ನಮ್ಮಲ್ಲಿಯಂತೆ ಪಲ್ಯ ಬರುತ್ತದೆಂದು. ತಟ್ಟೆ ತುಂಬ ಗಜ್ಜರಿ ತಂದಿಟ್ಟ. ಇಲ್ಲಿ ಸಬ್ಜಿ ಎಂದರೆ ಗಜ್ಜರಿಯೊಂದೇ. ಮೊಲದಂತೆ ಕಡಿದು ತಿಂದು ಎದ್ದೆ.

ಬುಖಾರಾಕ್ಕೆ ಹೋಗುವ ರೈಲಿನಲ್ಲಿ ಇನ್ನೊಂದು ಎಡವಟ್ಟು. ಎದುರಿನ ಸೀಟಿನ ಹಿರಿಯ ಹೆಂಗಸು ಕೆಟಲಿನಿಂದ ಹಿಡಿಕೆಯಿಲ್ಲದ ಪುಟ್ಟ ಬಟ್ಟಲಿಗೆ ಚಹಾ ಸುರಿದು ನನಗೆ ಕೊಟ್ಟಳು. ಬಟ್ಟಲಿನ ಅರ್ಧವೂ ತುಂಬಿರಲಿಲ್ಲ. ಮತ್ತೆ ಕೊಟ್ಟಳು, ಮತ್ತೆ ಅಷ್ಟೇ. ಪಾಪ, ಕೈ ಬಿಗಿ ಇರಬೇಕು ಎಂದುಕೊಂಡೆ. ನಮ್ಮಲ್ಲಿ ಕಪ್ಪು ತುಂಬಿ ಕೆಳಗಿನ ಬಸಿಗೆ ಹರಿಯದಿದ್ದರೆ ಅದು ಚಹಾನೇ ಅಲ್ಲ. ನಮ್ಮ ದೊಡ್ಡತನ ತೋರಿಸೋಣವೆಂದು ಕೆಟಲ್ ಇಸಿದುಕೊಂಡು ಆಕೆಯ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದೆ. ಆಕೆ ಗಾಬರಿಯಾಗಿ ನನ್ನನ್ನೇ ನೋಡಿದಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು.

ಬುಖಾರಾ ಸ್ಟೇಷನ್ನಿಗೆ ಬಂದಿದ್ದ ರೇಣುಕಾಳಿಗೆ ಇದನ್ನು ಹೇಳಿದೆ.

"ಅಯ್ಯ ಹುಚ್ಚಿ," ಎಂದಳು. "ಇಲ್ಲಿ ಅರ್ಧ ಕಪ್ ಕೊಟ್ರ, ಇನ್ನೂ ಕುಂದ್ರು, ಮತ್ತ ಹಾಕ್ತೀನಿ ಅಂತ ಅರ್ಥ. ತುಂಬಿ ಕೊಟ್ರ, ಕುಡದು ಎದ್ದು ನಡಿ ಅಂತ. ಆಕಿ ಸೀಟಿನ ಮ್ಯಾಲಿಂದ ಆಕೀನ್ನೇ ಹೊರಗ ಹಾಕೀಯಲ್ಲ!"

ಬುಖಾರಾ

ಶಹಾಬಾದದವರು ಎಲ್ಲಿಗೆ ಹೋದರೂ ಮೊದಲು ನೆಲ ನೋಡುತ್ತೇವೆ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಧೂಳು ಕುಡಿದು ಬೆಳೆದವರ ಚಾಳಿ ಅದು. ಇಲ್ಲಿ ಎಲ್ಲವೂ ಇಟ್ಟಿಗೆ, ಗೋಧಿ ರೊಟ್ಟಿಯ ಬಣ್ಣದ ಇಟ್ಟಿಗೆ. ಜನ ತಲೆ ಎತ್ತಿ ನೀಲಿ ಗುಮ್ಮಟ ನೋಡುತ್ತಿದ್ದರೆ ನಾನು ಬಗ್ಗಿ ಓಣಿಯ ನೆಲದ ಜೋಡಣೆ ನೋಡುತ್ತಿದ್ದೆ.

ಇಲ್ಲಿನವರು ಸಲಾಮು ಹೇಳುವಾಗ ಬಲಗೈಯನ್ನು ಎದೆಯ ಮೇಲೆ ಇಡುತ್ತಾರೆ. ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟರೂ ಎದೆಯ ಮೇಲೆ ಕೈ, ದಾರಿ ಕೇಳಿದರೂ ಎದೆಯ ಮೇಲೆ ಕೈ. ರೊಟ್ಟಿಗಂತೂ ಹಿರಿಯರಿಗೆ ಕೊಡುವಷ್ಟು ಮರ್ಯಾದೆ. ನಾನು ಬೋರಲಾಗಿ ಇಟ್ಟ ರೊಟ್ಟಿಯನ್ನು ರೇಣುಕಾಳ ಮನೆ ಒಡತಿ ಮಾತಿಲ್ಲದೆ ನೆಟ್ಟಗೆ ತಿರುಗಿಸಿಟ್ಟಳು. ಅನ್ನ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಉಸ್ತಾದರು ಕೇಳಿದ ಮುಖ ಮಾತ್ರ ಎಲ್ಲೂ ಇರಲಿಲ್ಲ. ಮದುಮಕ್ಕಳು ಹಳೆಯ ಬಾಗಿಲುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ತೆಗೆಯುವವರೆಲ್ಲ ಬಿಸಿರಕ್ತದ ಹುಡುಗರು. ಉಳಿದವರ ಕೈಯಲ್ಲಿ ಫೋನು. ವಾಡಿಯಲ್ಲಿ ಕೂತು ಉಸ್ತಾದರು ಹೇಳಿದ್ದು ಬುಖಾರಾಕ್ಕೂ ಸರಿಯಾಗಿತ್ತು. ಎರಡನೆಯ ಸಂಜೆ ನಾನು ಸೋತು ಒಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

"ಲೇ, ಒಬ್ಬ ಮುದುಕ ಅದಾನ," ಎಂದಳು ರೇಣುಕಾ, ಏನೋ ನೆನಪಾದವಳಂತೆ. "ಕೊಳದ ದಂಡಿ ಮ್ಯಾಲ. ದಿನಾ ಕಾಲೇಜಿಗೆ ಹೋಗುಮುಂದ ನೋಡ್ತೀನಿ. ಕೊರಳಾಗ ಏನೋ ಕರೇ ಡಬ್ಬಿ ಇರ್ತದ. ದುರ್ಬೀನು ಮಾರೋನು ಅಂತ ತಿಳ್ಕೊಂಡಿದ್ದೆ."

"ಎರಡು ವರ್ಷದಿಂದ ನೋಡಾಕತ್ತಿ, ಕ್ಯಾಮೆರಾ ಅಂತ ತಿಳೀಲಿಲ್ಲೇನು?"

"ನಾ ಎಲುಬು ನೋಡಾಕಿ, ಕ್ಯಾಮೆರಾ ಅಲ್ಲ."

ಕೊಳದ ದಂಡೆ

ಹಳೆಯ ಊರಿನ ನಡುವೆ ಕಲ್ಲಿನ ಮೆಟ್ಟಿಲಿನ ಒಂದು ಕೊಳ. ಸುತ್ತ ಹಿಪ್ಪುನೇರಳೆಯ ಮರಗಳು, ಎಷ್ಟು ಹಳೆಯವೆಂದರೆ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಅಂಥ ಒಂದು ಮರದ ಕೆಳಗೆ ಅವರಿದ್ದರು. ತಲೆಗೆ ಕಸೂತಿಯ ಚೌಕ ಟೊಪ್ಪಿ, ಇಸ್ತ್ರಿ ಮಾಡಿದ ಕೋಟು, ಕೊರಳಲ್ಲಿ ಚರ್ಮದ ಪಟ್ಟಿಯ ಹಳೆಯ ರಷ್ಯನ್ ಕ್ಯಾಮೆರಾ. ಎಲ್ಲರೂ ಅವರನ್ನು ಬಹೋದಿರ್ ಬೋಬೋ ಎನ್ನುತ್ತಾರೆ. ಬೋಬೋ ಎಂದರೆ ಅಜ್ಜ.

ಅವರ ಮಾತನ್ನು ರೇಣುಕಾ ತನಗೆ ಬಂದ ಹಾಗೆ ಸೇಡಂ ಕನ್ನಡಕ್ಕೆ ಇಳಿಸುತ್ತ ಹೋದಳು. ಹಾಗಾಗಿ ನನ್ನ ನೆನಪಿನಲ್ಲಿ ಆ ಅಜ್ಜ ನಮ್ಮ ಕಡೆಯವರ ಹಾಗೆಯೇ ಮಾತಾಡುತ್ತಾರೆ.

"ಇಡೀ ಊರಿನ ಮದುವಿ ಫೋಟೋ ಈ ಕೊಳದ ದಂಡಿ ಮ್ಯಾಲ ತೆಗದೀನಿ. ಈಗ ಯಾರೂ ಕೇಳಾಂಗಿಲ್ಲ. ಆದ್ರೂ ಮುಂಜಾನೆ ಬಂದು ಕುಂದ್ರತೀನಿ. ಬರದಿದ್ರ ಮರ ಏನ್ ತಿಳ್ಕೋತದ?"

ನಾನು ಉಸ್ತಾದರ ವಿಷಯ ಹೇಳಿದೆ. ಅವರ ಕಣ್ಣು, ಅವರ ಹಟ, ಅವರು ಕೇಳಿದ ಫೋಟೋ. ಬೋಬೋ ಒಪ್ಪಲಿಲ್ಲ. ಫೋಟೋ ತೆಗೆಯುವವನ ಫೋಟೋ ಯಾಕೆ, ಅಡುಗೆಯವನಿಗೆ ಯಾರಾದರೂ ಬಡಿಸುತ್ತಾರೇನು ಎಂದರು. ಬೇಸರದಿಂದ ಕ್ಯಾಮೆರಾ ಚೀಲಕ್ಕೆ ಹಾಕಲು ಎತ್ತಿದೆ. ಅವರು ನನ್ನ ಎಡಗೈಯನ್ನೇ ನೋಡುತ್ತಿದ್ದರು. ಅಂಗೈ ಲೆನ್ಸಿನ ಕೆಳಗೆ, ಮೊಣಕೈ ಪಕ್ಕೆಗೆ ಒತ್ತಿ.

"ಹಿಂಗ ಹಿಡೀಲಿಕ್ಕ ಯಾರು ಕಲಿಸಿದ್ರು?"

"ಅವರೇ. ಕಣ್ಣು ಮಂದ ಆದವರು."

"ಭಾರದ ಕ್ಯಾಮೆರಾ ಹೊತ್ತವರು ಮಾತ್ರ ಹಿಂಗ ಕಲಸ್ತಾರ," ಎಂದರು. ಟೊಪ್ಪಿ ಸರಿಮಾಡಿಕೊಂಡರು. "ತೆಗಿ. ಆದ್ರ ಒಂದೇ. ಫಿಲ್ಮಿನಾಗ ಕಡೇದೊಂದು ಉಳದದ ಅಂತ ತಿಳ್ಕೋ. ಫೋನು ಚೀಲದಾಗ ಇಡು."

ಒಂದೇ ಒಂದು! ಮದುವೆಯಲ್ಲಿ ಒಂದು ಮಾಲೆಗೆ ಹತ್ತಾರು ಸಲ ಒತ್ತುವವಳು ನಾನು. ಎಲೆಗಳ ನಡುವಿನಿಂದ ಬೆಳಕು ಅವರ ಕೆನ್ನೆಗೆ ಬರುವವರೆಗೆ ಕಾದು ಒತ್ತಿದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರೆ, ಅಬ್ಬಾ, ಮಹಬೂಬ ಸಾಬರ ಖಾಸಾ ಅಣ್ಣನೇ ಕೂತ ಹಾಗಿತ್ತು. ಅದೇ ಜಂಬ, ಅದೇ ಬೇಸರ, ಅದರ ಹಿಂದೆ ಅದೇ ಆಸೆ.

ಹೊರಡುವಾಗ ಬೋಬೋ ಚೀಲದಿಂದ ಒಂದು ದುಂಡನೆಯ ರೊಟ್ಟಿ ತೆಗೆದು, ಅಂಚಿನಲ್ಲಿ ಒಂದು ತುತ್ತು ಕಚ್ಚಿ, ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ಇಲ್ಲಿ ದೂರ ಹೊರಟವರು ರೊಟ್ಟಿ ಕಚ್ಚಿಟ್ಟು ಹೋಗುತ್ತಾರಂತೆ. ತಿರುಗಿ ಬಂದು ಅದನ್ನು ಮುಗಿಸುವವರೆಗೆ ಆ ರೊಟ್ಟಿ ಮನೆಯ ಗೋಡೆಗೆ ತೂಗುತ್ತ ಕಾಯುತ್ತದೆ.

"ನನ್ನ ರೊಟ್ಟಿ ನಿಮ್ಮ ಉಸ್ತಾದನ ಮನ್ಯಾಗ ಕಾಯ್ಲಿ. ಉಳದದ್ದು ತಿನ್ನಾಕ ನಾ ಬರಬೇಕಲ್ಲ," ಎಂದರು. ಮರುದಿನ ಬೆಳಿಗ್ಗೆಯೇ ಅವರು ಮಗಳ ಮನೆಗೆ, ದೂರದ ಫರ್ಗಾನಾಕ್ಕೆ ಹೊರಟಿದ್ದರು. ತಿಂಗಳು ಬಿಟ್ಟು ಬರುತ್ತಾರಂತೆ. ಆಗ ನನಗೆ ಅದು ಬರೀ ಒಂದು ಸುದ್ದಿಯಾಗಿತ್ತು.

ರೇಣುಕಾಳ ಮನೆ

ಮರುದಿನ ಬೋಬೋ ರೈಲು ಹತ್ತಿರಬೇಕು. ನಾವು ನಾಷ್ಟಾ ಮುಗಿಸಿ, ಕಾರ್ಡನ್ನು ಕ್ಯಾಮೆರಾದಿಂದ ಎಳೆದು ರೇಣುಕಾಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ದೊಡ್ಡ ಪರದೆಯ ಮೇಲೆ ಆ ಮುಖ ನೋಡುವ ಉಮೇದು. ಪರದೆಯ ಮೇಲೆ ಮುಖ ಬರಲಿಲ್ಲ, ರಷ್ಯನ್ ಅಕ್ಷರದ ಒಂದು ಚೌಕ ಬಂತು.

"ಏನೋ ಕೇಳಾಕತ್ತದ," ಎಂದಳು ರೇಣುಕಾ. "ಹೌದು ಅಂತ ಒತ್ತಲೇನು?"

ಅವಳ ಕೈ ಹಿಡಿದು ಜಗ್ಗಿದೆ. ಅಕ್ಷರ ಗೊತ್ತಿಲ್ಲದಿದ್ದರೂ ಆ ಚೌಕದ ಮೋರೆ ನನಗೆ ಗೊತ್ತು. ಈ ಕಾರ್ಡನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಅದು ಕೇಳುತ್ತದೆ. ಹೌದು ಎಂದರೆ ಪಾಟಿ ಒರೆಸಿದ ಹಾಗೆ. ನನ್ನ ಸ್ಟುಡಿಯೋಕ್ಕೆ ಇಂಥ ಕಾರ್ಡು ಹಿಡಿದು ಅಳುತ್ತ ಬಂದವರನ್ನು ಎಷ್ಟೋ ಸಲ ಕಂಡಿದ್ದೇನೆ. ಅರ್ಧ ಜನ ಹೌದು ಒತ್ತಿಯೇ ಬಂದಿರುತ್ತಾರೆ.

ಕಾರ್ಡು ತೆಗೆದು ಮತ್ತೆ ಹಾಕಿದೆ. ಈ ಸಲ ಚೌಕವೂ ಇಲ್ಲ, ಏನೂ ಇಲ್ಲ. ಕಾರ್ಡಿನ ಪಕ್ಕದ ಪುಟ್ಟ ಲಾಕ್ ಮೇಲೆ ಕೆಳಗೆ ಮಾಡಿದೆ. ಲ್ಯಾಪ್‌ಟಾಪ್ ಬಂದ್ ಮಾಡಿ ಶುರು ಮಾಡಿದೆ. ಪಕ್ಕದ ಮನೆಯ ಕಂಪ್ಯೂಟರಿಗೆ ಹಾಕಿದೆ, ಅದೂ ಮೂಕ. ಕಾರ್ಡನ್ನು ಕ್ಯಾಮೆರಾಕ್ಕೇ ಮರಳಿಸಿ ವೈರು ಜೋಡಿಸೋಣವೆಂದರೆ, ನಿನ್ನೆ ಅಷ್ಟು ಚೆಂದ ತೋರಿಸಿದ ಕ್ಯಾಮೆರಾ ಇವತ್ತು ಕಾರ್ಡೇ ಇಲ್ಲ ಎಂದಿತು. ಬೋಬೋ ತಿರುಗಿ ಬರುವುದರೊಳಗೆ ನಾನು ಊರು ಸೇರಿರುತ್ತಿದ್ದೆ, ಇನ್ನೊಂದು ಫೋಟೋದ ಮಾತೇ ಇರಲಿಲ್ಲ. ಗಿರಾಕಿಗಳಿಗೆಲ್ಲ, ಎರಡು ಕಡೆ ನಕಲು ಇಟ್ಟುಕೊಳ್ಳಿ, ಒಂದೇ ಕಾರ್ಡು ನಂಬಬೇಡಿ ಎಂದು ಬುದ್ಧಿ ಹೇಳುವವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅದೇ ಹೊತ್ತಿಗೆ ವಾಡಿಯಿಂದ ಫೋನು.

"ಸಿಕ್ಕನೇನು ಬೇಟಾ?"

"ಸಿಕ್ಕಾರ್ರಿ ಉಸ್ತಾದ."

"ಖರೇನಾ? ಕೊರಳಾಗ ಕ್ಯಾಮೆರಾ ಅದ?"

"ಅದರ್ರಿ. ದಿನಾ ಬಂದು ಕುಂದ್ರತಾರಂತ."

ಆ ಕಡೆ ಸ್ಟೇಷನ್ನಿನಲ್ಲಿ ಯಾವುದೋ ಗಾಡಿ ಹೊರಡುವ ಸದ್ದು ಕೇಳಿತು.

"ಫೋಟೋ ತೆಗದೀ?"

"ತೆಗದೀನ್ರಿ."

"ಹಂಗಾದ್ರ ದವಾಖಾನ್ಯಾಗ ಹೇಳಿಡ್ತೀನಿ. ಫೋಟೋ ಕೈಗೆ ಬಂದ ದಿನಾನೇ ಹೋಗೋಣು," ಎಂದರು. ಇಷ್ಟು ವರ್ಷದಲ್ಲಿ ಅವರ ದನಿಯಲ್ಲಿ ಅಂಥ ಗೆಲುವು ನಾನು ಕೇಳಿರಲಿಲ್ಲ.

ಫೋನು ಇಟ್ಟ ಮೇಲೆ ನಾನು ರೇಣುಕಾಳ ತೊಡೆಯ ಮೇಲೆ ತಲೆ ಇಟ್ಟು ಅತ್ತೆ. ನಾಚಿಕೆ ಏನಿಲ್ಲ, ಅತ್ತೆ. ಸುಳ್ಳು ಹೇಳಿರಲಿಲ್ಲ, ಆದರೂ ಸುಳ್ಳಿನ ಭಾರವೇ ಆಗಿತ್ತು.

"ಏಳು," ಎಂದಳು ರೇಣುಕಾ. "ಸತ್ತದ್ದು ಅಂತ ಡಾಕ್ಟರ್ ಹೇಳೋತನಕ ಸತ್ತಿರಾಂಗಿಲ್ಲ. ದುಕಾನಕ್ಕ ನಡಿ."

ನರ್ಗಿಜಾಳ ಅಂಗಡಿ

ಬಜಾರಿನ ಹಿಂದೆ ಕಂಪ್ಯೂಟರ್ ದುರಸ್ತಿಯ ಒಂದು ಅಂಗಡಿ. ವೈರುಗಳ ರಾಶಿ, ಬಿಚ್ಚಿಟ್ಟ ಫೋನುಗಳು, ಗೋಡೆಗೆ ಇಬ್ಬರು ಮಕ್ಕಳ ಫೋಟೋ. ಬೋರ್ಡು ಬದಲಿಸಿದರೆ ಅದನ್ನು ಸೇಡಂ ಬಸ್‌ಸ್ಟ್ಯಾಂಡಿನ ಹತ್ತಿರ ತಂದಿಡಬಹುದು. ಅಂಗಡಿಯಾಕೆ ನರ್ಗಿಜಾ. ನಾವು ಗಾಬರಿಯಲ್ಲಿ ಕಾರ್ಡು ಚಾಚಿದರೆ ಆಕೆ ಎದೆಯ ಮೇಲೆ ಕೈಯಿಟ್ಟು, ಮೊದಲು ಕೂರಿಸಿದಳು. ಆಮೇಲೆ ಚಹಾ. ಸುರಿದದ್ದನ್ನು ಮತ್ತೆ ಕೆಟಲಿಗೇ ಹುಯ್ದು, ಹೀಗೆ ಮೂರು ಸಲ ಮಾಡಿ, ಆಮೇಲೆ ಬಟ್ಟಲಿಗೆ ಅರ್ಧ ಹಾಕಿದಳು. ನನ್ನ ಜೀವ ಬಾಯಿಗೆ ಬಂದಿದೆ, ಇಲ್ಲಿ ಚಹಾಕ್ಕೆ ಮುಹೂರ್ತ ನಡೆದಿದೆ.

ಆಕೆಯ ಕೆಲಸ ಮಾತ್ರ ಚುರುಕು. ಬೇರೆ ಬೇರೆ ರೀಡರಿಗೆ ಹಾಕಿ ನೋಡಿದಳು. ಅಳಿಸಿಹೋದ ಫೋಟೋ ಹುಡುಕುವ ಸಾಫ್ಟ್‌ವೇರ್ ಓಡಿಸಿದಳು. ಅದು ಹುಡುಕಬೇಕಾದರೆ ಮೊದಲು ಕಾರ್ಡು ಕಂಪ್ಯೂಟರಿಗೆ ಕಾಣಬೇಕಲ್ಲ. ಮನೆಯ ಬಾಗಿಲೇ ತೆರೆಯದಿದ್ದರೆ ಒಳಗಿನ ಕಪಾಟು ತಡಕುವುದು ಹೇಗೆ?

"ತಾಷ್ಕೆಂಟಿಗೆ ಕಳಸಬೇಕಂತ," ಎಂದಳು ರೇಣುಕಾ, ಮೆಲ್ಲಗೆ. "ಅಲ್ಲಿ ಒಡದು ನೋಡ್ತಾರಂತ. ಸಿಗ್ತದ ಅಂತ ಹೇಳಾಕ ಬರಾಂಗಿಲ್ಲಂತ."

ಒಡೆದು ಎಂಬ ಮಾತು ಕೇಳಿ ಕಾರ್ಡನ್ನು ತಿರುಗಿ ಇಸಿದುಕೊಂಡೆ. ಏನು ಮಾಡಬೇಕೆಂದು ತೋಚದೆ ಕೈ ತನ್ನ ರೂಢಿಯ ಕೆಲಸ ಮಾಡಿತು. ಲೆನ್ಸು ಒರೆಸುವ ಮುಂಚೆ ನಾವು ಫೋಟೋದವರು ಅದಕ್ಕೆ ಬಾಯಿಯಿಂದ ಹಬೆ ಬಿಡುತ್ತೇವೆ. ಹಾಗೆಯೇ ಕಾರ್ಡನ್ನು ಬಾಯಿಯ ಹತ್ತಿರ ಹಿಡಿದು "ಹಾ" ಎಂದೆ.

ವಾಡಿ ಸ್ಟೇಷನ್ನಿನ ಎದುರಿನ ಸ್ಟುಡಿಯೋ ನನ್ನ ಮೂಗಿನೊಳಗೆ ಬಂದು ನಿಂತಿತು. ಉರುಸಿನ ಗಂಧ, ಗುಲಾಬಿ ನೀರು.

ಕಾರ್ಡು ಮಗುಚಿ ಬೆಳಕಿಗೆ ಹಿಡಿದೆ. ಅದರ ಹಿಂಬದಿಯ ಬಂಗಾರದ ಬಣ್ಣದ ಪಟ್ಟಿಗಳ ಮೂಲಕವೇ ಕಾರ್ಡು ಕಂಪ್ಯೂಟರಿನೊಡನೆ ಮಾತಾಡುವುದು. ಅವುಗಳ ಮೇಲೆ ಒಂದು ತೆಳ್ಳನೆಯ ಕಂದು ಲೇಪ ಒಣಗಿ ಕೂತಿತ್ತು. ಅಂಚಿನಲ್ಲಿ ಹೆಬ್ಬೆರಳಿನ ಗೆರೆ ಕೂಡ ಇತ್ತು. ನಾನು ಫೋನಿನಲ್ಲಿ ಮೆಂತ್ಯದ ಸೊಪ್ಪಿನ ಮಾತಾಡುತ್ತಿದ್ದಾಗ ಉಸ್ತಾದರು ತಡವಿ ತಡವಿ ಇಟ್ಟ ಬೊಟ್ಟು, ಹಿಂದು ಮುಂದು ಕಾಣದೆ, ಸರಿಯಾಗಿ ಆ ಪಟ್ಟಿಗಳ ಮೇಲೆ ಬಿದ್ದಿತ್ತು. ಸ್ವಲ್ಪ ದಿನ ಹೇಗೋ ನಡೆಯಿತು. ಬುಖಾರಾದ ಬಿಸಿಲಿಗೆ ಕ್ಯಾಮೆರಾದೊಳಗೆ ಮೆತ್ತಗಾಗಿ, ಕಾರ್ಡು ಎಳೆದಾಗ ಎಲ್ಲ ಕಡೆ ಬಳಿದುಕೊಂಡಿರಬೇಕು.

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಅವರಿಗೆ ಬೇಕಾದ ಫೋಟೋಕ್ಕೆ ಅವರ ಆಶೀರ್ವಾದವೇ ಅಡ್ಡ ನಿಂತಿತ್ತು. ಒರೆಸಲು ಕೈ ಬರಲಿಲ್ಲ. ಕಣ್ಣು ಕಾಣದ ಮನುಷ್ಯ ನನ್ನ ಒಳಿತಿಗೆಂದು ಇಟ್ಟದ್ದು.

"ದುಆ ಆಗಲೇ ಮುಟ್ಟ್ಯಾದ," ಎಂದಳು ರೇಣುಕಾ, ಚೀಲದಿಂದ ಹತ್ತಿ ಮತ್ತು ಸ್ಪಿರಿಟ್ ತೆಗೆಯುತ್ತ. ಡಾಕ್ಟರರ ಚೀಲದಲ್ಲಿ ಅದು ಇದ್ದೇ ಇರುತ್ತದೆ. "ಇಲ್ಲಾಂದ್ರ ಆ ಮುದುಕ ನಿನಗ ಸಿಗತಿದ್ನೇನು? ಇನ್ನ ಒರಸು."

ಹತ್ತಿಯಿಂದ ಮೆತ್ತಗೆ ಒರೆಸಿದೆ. ಉಳಿದದ್ದನ್ನು ನರ್ಗಿಜಾಳ ಮಕ್ಕಳ ರಬ್ಬರಿನಿಂದ ಉಜ್ಜಿದೆ. ಪಟ್ಟಿಗಳು ಬೆಳಗಿದ ತಾಮ್ರದ ತಂಬಿಗೆಯಂತೆ ಹೊಳೆದವು. ನರ್ಗಿಜಾ ಕಂದಾದ ಹತ್ತಿಯನ್ನು ಮೂಸಿ, ಇದು ಏನು ಎಂದು ಕೇಳಿದಳು. ರೇಣುಕಾ ಏನು ಹೇಳಿದಳೋ, ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಆ ಹತ್ತಿಯನ್ನು ಎಸೆಯದೆ ಮಕ್ಕಳ ಫೋಟೋದ ಚೌಕಟ್ಟಿನ ಸಂದಿಯಲ್ಲಿ ಸಿಕ್ಕಿಸಿದಳು.

ಸ್ಪಿರಿಟ್ ಆರುವವರೆಗೆ ಕಾದು ಕಾರ್ಡು ಹಾಕಿದೆವು. ಕಂಪ್ಯೂಟರ್ ಟುಣ್ ಎಂದಿತು. ಗಜ್ಜರಿಯ ತಟ್ಟೆ ಬಂತು, ರೈಲಿನ ಹೆಂಗಸು ಬಂದಳು, ಓಣಿಯ ಇಟ್ಟಿಗೆ ಬಂತು. ಕೊನೆಗೆ ಮರದ ಕೆಳಗೆ ಬಹೋದಿರ್ ಬೋಬೋ, ಟೊಪ್ಪಿ ನೆಟ್ಟಗೆ. ಮೂವರೂ ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರು ಓಡಿ ಬಂದರು. ಆ ಮುಖವನ್ನು ಲ್ಯಾಪ್‌ಟಾಪಿಗೆ, ಪೆನ್‌ಡ್ರೈವಿಗೆ, ಇಬ್ಬರ ಫೋನಿಗೆ ನಕಲು ಮಾಡಿಸಿದ ಮೇಲೆಯೇ ನಾನು ಉಸಿರು ಬಿಟ್ಟೆ.

ನರ್ಗಿಜಾ ನನ್ನ ಬಟ್ಟಲನ್ನು ಈ ಸಲ ಅಂಚಿನವರೆಗೆ ತುಂಬಿ ಮುಂದಿಟ್ಟಳು. ನಾನು ಅವಳ ಮುಖ ನೋಡಿದೆ. ಕೆಲಸ ಆಯ್ತಲ್ಲ, ಇನ್ನು ಎದ್ದು ನಡಿ ಎಂದು ಬಾಗಿಲಿನತ್ತ ಕೈ ತೋರಿಸಿ ಆಕೆ ನಕ್ಕಳು.

ಮತ್ತೆ ವಾಡಿ

ದೊಡ್ಡ ಪ್ರಿಂಟು ಹಾಕಿಸಿ ಉಸ್ತಾದರ ಕೈಗೆ ಕೊಟ್ಟೆ. ಗಂಧದ ಸುದ್ದಿ ಹೇಳಬಾರದೆಂದು ರೇಣುಕಾ ಮತ್ತು ನಾನು ಮಾತಾಡಿಕೊಂಡಿದ್ದೆವು. ಅವರು ಕಾಗದದ ಮೇಲೆ ಕೈಯಾಡಿಸಿ, "ಮುಖ ಎಲ್ಲಿ ಅದ?" ಎಂದು ಕೇಳಿದರು. ಬೆರಳು ಹಿಡಿದು ತೋರಿಸಿದೆ. ಆ ಜಾಗದ ಮೇಲೆ ಬೆರಳಿಟ್ಟುಕೊಂಡೇ ಎದ್ದು ಚಪ್ಪಲಿ ಮೆಟ್ಟಿದರು. "ನಡಿ, ದವಾಖಾನಿಗೆ."

ಕಲಬುರಗಿಯಲ್ಲಿ ಒಂದು ಕಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದಾಗ ಫೋಟೋ ಮುಂದೆ ಹಿಡಿದರೆ ಮುಖ ತಿರುಗಿಸಿದರು. ಇಲ್ಲಿ ಬೇಡ, ನನ್ನ ಸ್ಟುಡಿಯೋದಲ್ಲಿ ನೋಡುತ್ತೇನೆ ಎಂದರು. ವಾಡಿಗೆ ಬಂದು, ಬಾಗಿಲಿನ ಬೆಳಕಿಗೆ ಕುರ್ಚಿ ಹಾಕಿಕೊಂಡು, ಕರಿ ಕನ್ನಡಕ ಹಣೆಗೆ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಕಣ್ಣೀರು ಬರುತ್ತದೆಂದು ಕಾದೆ.

"ಮೂಗಿನ ನೆರಳು ಉದ್ದ ಆಗ್ಯಾದ," ಎಂದರು. "ಇನ್ನೊಂದು ಗಳಿಗೆ ತಡದಿದ್ರ ಸರಿ ಆಗತಿತ್ತು." ಆಮೇಲೆ ಮೆಲ್ಲಗೆ, ಫೋಟೋದಲ್ಲಿದ್ದವರಿಗೇ ಹೇಳುವಂತೆ, "ಇದ್ದೀಯಲ್ಲೋ ಮಾರಾಯ," ಎಂದರು.

ಆ ಕಾರ್ಡನ್ನೂ ತೋರಿಸು ಎಂದು ಕೇಳಿದರು. ಕೊಟ್ಟೆ. ಹೊಸ ಕಣ್ಣಿನ ಹುರುಪಿನಲ್ಲಿ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, ಉಗುರಿನಿಂದ ಅದರ ಸಂದಿ ಕೆರೆದು, ಉಗುರನ್ನು ಮೂಸಿದರು. ನಾನು ಗೋಡೆ ನೋಡಿದೆ.

"ಇದರಾಗ ಗಂಧ ಯಾರು ಹಚ್ಯಾರ?"

ನಾನು ಕೊರಳಿನ ಕ್ಯಾಮೆರಾದ ಪಟ್ಟಿ ತಿರುವತೊಡಗಿದೆ.

"ನಾನೇ?"

ಹೂಂ ಎಂದು ತಲೆ ಆಡಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ತೊಡೆ ತಟ್ಟಿ ನಕ್ಕರು. ಕಣ್ಣಿಗೆ ಜೋರು ಮಾಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದರೂ ನಗು ನಿಲ್ಲಲಿಲ್ಲ. "ದುಆ ಎಲ್ಲಿ ಹಚ್ಚಬೇಕು ಅಂತ ನೋಡಾಕೆರೆ ಕಣ್ಣು ಬೇಕಲ್ಲವಾ. ಇನ್ನೊಂದು ಕಣ್ಣಿಂದೂ ಜಲ್ದಿ ಮಾಡಿಸಿಬಿಡು."

ಆಮೇಲೆ ರೊಟ್ಟಿ ಬಿಚ್ಚಿ ಕೊಟ್ಟೆ. ಅದು ನಮ್ಮ ಫರಸಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಬೋಬೋ ಕಚ್ಚಿದ ಜಾಗವನ್ನು ಬೆರಳಿನಿಂದ ಮುಟ್ಟಿ, ಆ ಪದ್ಧತಿಯ ಮಾತನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಗೋಡೆಯಲ್ಲಿ ಅವರ ಹಳೆಯ ಕ್ಯಾಮೆರಾ ತೂಗುವ ಮೊಳೆಗೆ ರೊಟ್ಟಿಯ ಗಂಟನ್ನೂ ತೂಗುಹಾಕಿದರು.

"ಅವ ನನಕಿಂತ ದೊಡ್ಡವ ಕಾಣತಾನ," ಎಂದರು. "ಈ ವಯಸ್ಸಿನಾಗ ಅಷ್ಟು ದೂರದಿಂದ ಅವನ್ನ ಬರಿಸೋದು ಛಲೋ ಅಲ್ಲ."

ಹೀಗೆ ಹೇಳಿ, ನನ್ನ ಕೊರಳಿನಿಂದ ಕ್ಯಾಮೆರಾ ತೆಗೆದು, ಕಾರ್ಡನ್ನು ತಾವೇ ಸರಿಯಾದ ದಿಕ್ಕಿನಲ್ಲಿ ಒಳಗೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. ಬಿಳಿ ಪರದೆಯ ಧೂಳು ಕೊಡವಿದರು. ಎಷ್ಟೋ ವರ್ಷ ಊರಿನವರನ್ನೆಲ್ಲ ಕೂರಿಸಿದ ಆ ಸ್ಟೂಲಿನ ಮೇಲೆ ಹೋಗಿ ಕೂತರು.

"ತೆಗಿ."

"ಏನ್ರಿ ಉಸ್ತಾದ?"

"ಪಾಸ್‌ಪೋರ್ಟ್ ಸೈಜು."

ಎಡಗೈ ಅಂಗೈಯನ್ನು ಲೆನ್ಸಿನ ಕೆಳಗೆ ಇಟ್ಟು, ಮೊಣಕೈ ಪಕ್ಕೆಗೆ ಒತ್ತಿ ನಿಂತೆ.

"ಕಿವಿ ಎರಡೂ ಕಾಣಬೇಕ್ರಿ," ಎಂದೆ. ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಅಲುಗ್ಯಾಡಬ್ಯಾಡ್ರಿ." ಅಲುಗಾಡಲಿಲ್ಲ.

"ನಗಬ್ಯಾಡ್ರಿ ಉಸ್ತಾದ."

ಅದೊಂದು ಮಾತ್ರ ಅವರಿಂದ ಆಗಲಿಲ್ಲ.